ಕೊನೆ ಮನೆಯ ಮಣ್ಣು

ಬ್ಯಾಲದಕಟ್ಟೆಯ ಕೇರಿಯಲ್ಲಿ ನಲವತ್ತೆರಡು ಮನೆ. ನಲವತ್ತೆರಡು ಮನೆಯ ಮುಂದೂ ಒಂದೊಂದು ನಲ್ಲಿ. ಸೊಂಟದೆತ್ತರದ ಪೈಪು, ಅದಕ್ಕೆ ನೀಲಿ ಬಣ್ಣ, ಬುಡಕ್ಕೆ ಸಿಮೆಂಟು ಎಂದು ಹೇಳಿ ಸುರಿದ ಬೂದಿಯಂಥ ಪುಡಿ, ತುದಿಯಲ್ಲಿ ಫಳಫಳ ಹೊಳೆಯುವ ನಲ್ಲಿ. ನೆಟ್ಟು ಹನ್ನೊಂದು ತಿಂಗಳಾಗಿತ್ತು. ಒಂದು ತೊಟ್ಟು ನೀರು ಬಂದಿರಲಿಲ್ಲ.

ಹಾಗೆಂದು ಕೇರಿಯವರು ಅವನ್ನು ಸುಮ್ಮನೆ ಬಿಟ್ಟಿರಲಿಲ್ಲ. ಒಬ್ಬರು ಮೇಕೆ ಕಟ್ಟುತ್ತಿದ್ದರು. ಒಬ್ಬರು ಟವಲು ಒಣಹಾಕುತ್ತಿದ್ದರು. ಕೇರಿಯ ಮೊದಲನೇ ಮನೆಯ ಮುದುಕಿ ಅಶ್ವತ್ಥಮ್ಮ ಆಯುಧಪೂಜೆಯ ದಿನ ತನ್ನ ನಲ್ಲಿಗೆ ಅರಿಶಿನ ಕುಂಕುಮ ಇಟ್ಟು ಚೆಂಡುಹೂವು ಸುತ್ತಿದ್ದಳು. ದೇವರಿಗಾದರೂ ನಾಚಿಕೆಯಾದೀತು ಎಂದು ಅವಳ ಆಸೆ. ದೇವರಿಗೆ ಆಯಿತೋ ಇಲ್ಲವೋ, ನೀರಿನ ಮಂಡಳಿಗಂತೂ ಆಗಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದವರ ಜುಟ್ಟಿಗೆ ಮಲ್ಲಿಗೆ ಮುಡಿಸಿ ಹೋಗಿದ್ದರು.

ಕುಡಿಯಲು, ಬೇಯಿಸಲು, ಮೈ ತೊಳೆಯಲು ಕೇರಿಗೆ ಇದ್ದದ್ದು ಒಂದೇ ಮಿನಿ ಟ್ಯಾಂಕು. ಕೇರಿಯ ಬಾಯಲ್ಲಿ, ಕಲ್ಲುಕಟ್ಟೆಯ ಮೇಲೆ. ಹಳೇ ಬೋರಿನ ಮೋಟಾರು ದಿನ ಬಿಟ್ಟು ದಿನ ಒಂದು ಗಂಟೆ ಅದನ್ನು ತುಂಬುತ್ತಿತ್ತು. ಮನೆಗೆ ಆರು ಕೊಡ ಎಂದು ಹೆಂಗಸರೇ ಕಟ್ಟು ಮಾಡಿಕೊಂಡಿದ್ದರು. ಬಾಣಂತಿ ಇದ್ದ ಮನೆಗೆ ಎಂಟು.

ಕದಿರಯ್ಯ ಈ ಊರಿನ ವಾಟರ್‌ಮನ್. ಬೆಳಗಾಗುತ್ತಲೇ ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿ ಮೇಲಿನ ಬೀದಿಗೆ ಹೋಗಿ, ವಾಲ್ವ್ ತಿರುಗಿಸಿ, ಗೌಡರ ಮನೆಗಳಿಗೆ ನೀರು ಬಿಟ್ಟು ಬರುವುದು ಅವನ ಕೆಲಸ. ಅಲ್ಲಿಯ ಹೊಸ ನಲ್ಲಿಗಳಲ್ಲಿ ನೀರು ಧೋ ಎಂದು ಸುರಿಯುತ್ತಿತ್ತು. ಅಂಗಳ ತೊಳೆದು, ಟ್ರ್ಯಾಕ್ಟರು ತೊಳೆದು, ಎಮ್ಮೆ ತೊಳೆದು ಚರಂಡಿ ಸೇರುತ್ತಿತ್ತು. ಕದಿರಯ್ಯನದು ಕೇರಿಯ ಕಟ್ಟಕಡೆಯ ಮನೆ. ಊರಿಗೆಲ್ಲ ನೀರು ಬಿಡುವವನಿಗೂ ಆರೇ ಕೊಡ.

ಅವನದು ನೀರುಗಂಟಿಯ ವಂಶ. ಅಪ್ಪ, ತಾತ ಊರ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಾಯಿಸಿದವರು. ಆಗ ಈ ಊರಲ್ಲಿ ಒಂದು ಕಟ್ಟುಪಾಡಿತ್ತು. ತೂಬು ಎತ್ತಿದ ನೀರುಗಂಟಿ ಕಾಲುವೆಯ ಜೊತೆಗೇ ನಡೆದು ಹೋಗಬೇಕು. ಕೊನೆಯ ಗದ್ದೆ ನೆಂದ ಮೇಲೆ ಅಲ್ಲಿಯ ಕೆಸರನ್ನು ಒಂದು ಹಿಡಿ ತಂದು, ಏರಿಯ ಮೇಲೆ ಕೂತ ಹಿರಿಯರಿಗೆ ತೋರಿಸಬೇಕು. ಕೆಸರು ಕಾಣುವವರೆಗೆ ನೀರು ತಲುಪಿತು ಎಂದು ಯಾರೂ ಹೇಳುವಂತಿಲ್ಲ, ತೂಬು ಇಳಿಸುವಂತಿಲ್ಲ. ಬೇರೆಲ್ಲದಕ್ಕೂ ಗೌಡರ ಮುಂದೆ ತಲೆತಗ್ಗಿಸಿದ ಆ ಜನ ಕೆಸರಿನ ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ಕೇಳುತ್ತಿರಲಿಲ್ಲ. "ಬಾಯಿ ಸುಳ್ಳಾಡ್ತದೆ, ಮಣ್ಣು ಆಡಕ್ಕಿಲ್ಲ ಕಣ್ಲಾ" ಎನ್ನುತ್ತಿದ್ದ ಅಪ್ಪ. ಕೆರೆ ಬತ್ತಿತು, ಅಪ್ಪ ಸತ್ತ, ಕೆಸರು ತೋರಿಸುವುದು ಊರಿಗೆ ಮರೆತೇ ಹೋಯಿತು. ಮಗನಿಗೆ ಮರೆತಿರಲಿಲ್ಲ. ಆದರೂ ತಪ್ಪು ಮಾಡಿದ. ಒಂದು ಕುರ್ಚಿಯ ಆಸೆಗೆ ಮಾಡಿದ.

ಅದು ಹೀಗಾಯಿತು. ದೀಪಾವಳಿ ಕಳೆದ ಮೇಲೆ ನೀರಿನ ಮಂಡಳಿಯವರು ಸಮುದಾಯ ಭವನದಲ್ಲಿ ಜಲಜಾಗೃತಿ ಕಾರ್ಯಕ್ರಮ ಇಟ್ಟರು. ಬಾಗಿಲಿಗೆ ಬಾಳೆಕಂಬ, ಗೋಡೆ ತುಂಬ ಫ್ಲೆಕ್ಸು. ಮಂಡಳಿಯ ಪರವಾಗಿ ಊರೂರು ತಿರುಗಿ ತಿಳಿವಳಿಕೆ ಹೇಳುವ ಯಶೋದ ಎಂಬ ಹೆಂಗಸು ಮೈಕು ಹಿಡಿದಳು. ಹನಿಹನಿಯೂ ಅಮೃತ, ನಲ್ಲಿ ತೆರೆದು ಬಿಡಬೇಡಿ, ಊಟಕ್ಕೆ ಮೊದಲು ಸೋಪು ಹಚ್ಚಿ ಚೆನ್ನಾಗಿ ಕೈ ತೊಳೆಯಿರಿ ಎಂದಳು. ಯಾರಿಗೆ? ಅಕ್ಕಿ ತೊಳೆದ ನೀರಲ್ಲಿ ಪಾತ್ರೆ ಬೆಳಗಿ, ಆ ನೀರನ್ನೇ ಹಿತ್ತಲ ಮೆಣಸಿನ ಗಿಡಕ್ಕೆ ಹುಯ್ಯುವವರಿಗೆ. ಉಪವಾಸ ಕೂತವರಿಗೆ ಹಿತಮಿತವಾಗಿ ಉಣ್ಣಿ ಎಂದ ಹಾಗಾಯಿತು. ಹಿಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದ ಕದಿರಯ್ಯನ ಹೆಂಡತಿ ಸಣ್ಣಕ್ಕ, ಆಯಮ್ಮನ ತಲೆ ಮೇಲೆ ನಮ್ಮ ಕೊಡ ಇಟ್ಟು ನೋಡಬೇಕು ಎಂದು ಪಕ್ಕದವಳ ಕಿವಿಯಲ್ಲಿ ಗೊಣಗಿದಳು.

ಅಷ್ಟರಲ್ಲಿ ಎಂಜಿನಿಯರ್ ರಂಗೇಶ್ ವೇದಿಕೆಯಿಂದ ಕೈಮಾಡಿ ಕರೆದ. "ಕದಿರಯ್ಯನವ್ರೇ, ಬನ್ನಿ, ಮೇಲೆ ಕೂತ್ಕೊಳ್ಳಿ."

ಐವತ್ತನಾಲ್ಕು ವರ್ಷದಲ್ಲಿ ಅವನಿಗೆ ಆ ಊರಲ್ಲಿ ಯಾರೂ ಕುರ್ಚಿ ಹಾಕಿರಲಿಲ್ಲ, 'ಅವ್ರೇ' ಎಂದಿರಲಿಲ್ಲ. ಪಂಚಾಯಿತಿ ಮೆಂಬರ್ ಮೂಡಲಗಿರಿಯಪ್ಪನ ಪಕ್ಕದಲ್ಲೇ ಕುರ್ಚಿ. ಕದಿರಯ್ಯ ಕೂತೊಡನೆ ಮೆಂಬರ್ ತನ್ನ ಕುರ್ಚಿಯನ್ನು ಒಂದು ಮೊಳ ಆಚೆಗೆ ಎಳೆದುಕೊಂಡ. ಅದನ್ನು ಕಂಡೂ ಕದಿರಯ್ಯ ಕಾಣದವನ ಹಾಗಿದ್ದ. 'ಜಲಸೇವಕ' ಎಂದು ಅಚ್ಚುಹಾಕಿದ ಟೋಪಿ ತಲೆಗೆ ಬಂತು. ಚಪ್ಪಾಳೆ ಬಿತ್ತು. ಅವನ ಕಣ್ಣು ಒದ್ದೆಯಾಯಿತು. ಸರಿಯಾಗಿ ಆ ಹೊತ್ತಿಗೇ ತೊಡೆಯ ಮೇಲೆ ಒಂದು ಕಾಗದವೂ ಪೆನ್ನೂ ಬಂದವು.

ಕದಿರಯ್ಯ ಏಳನೇ ಕ್ಲಾಸು ಓದಿದವನು. 'ಗ್ರಾಮದ ಕೊನೆಯ ಮನೆಯವರೆಗೂ ನಲ್ಲಿಯಲ್ಲಿ ನೀರು ತಲುಪಿರುವುದನ್ನು ಖುದ್ದು ನೋಡಿರುತ್ತೇನೆ' ಎಂದಿತ್ತು. ಪೆನ್ನು ಕೆಳಗಿಟ್ಟ.

"ಕೇರಿಗೆ ಇನ್ನೂ ಪೈಪೇ ಎಳ್ದಿಲ್ವಲ್ಲ ಸಾರ್" ಎಂದ.

ರಂಗೇಶ್ ಗದರಲಿಲ್ಲ. ಗದರಿದ್ದರೆ ಒಳ್ಳೆಯದಿತ್ತು. ಹೆಗಲ ಮೇಲೆ ಕೈಯಿಟ್ಟ. ಪೈಪು ಮುಂದಿನ ವಾರ ಬರುತ್ತದೆ, ಈ ಕಾಗದ ಹೋಗದಿದ್ದರೆ ಫೈಲು ನಿಲ್ಲುತ್ತದೆ, ಫೈಲು ನಿಂತರೆ ಕೇರಿಗೆ ನೀರು ತಪ್ಪಿಸಿದವರು ನೀವೇ ಆಗುತ್ತೀರಿ ಎಂದು ಮೆತ್ತಗೆ ತಿಳಿಹೇಳಿದ. ಕದಿರಯ್ಯ ಸೈನು ಹಾಕಿದ. ಕೆಸರು ಕಾಣದೆ ನೀರು ತಲುಪಿತು ಎಂದವನು ಅವನ ವಂಶದಲ್ಲಿ ಅವನೇ ಮೊದಲಿಗ.

ಮುಂದಿನ ವಾರ ಬಂತು, ಹೋಯಿತು. ಸಂಕ್ರಾಂತಿಯೂ ಹೋಯಿತು. ಪೈಪು ಬರಲಿಲ್ಲ. ಶಿವರಾತ್ರಿ ಹತ್ತಿರವಾದಾಗ ಮಿನಿ ಟ್ಯಾಂಕಿನ ಮೈಮೇಲೆ ಒಂದು ನೋಟೀಸು ಅಂಟಿಸಿ ಹೋದರು. ಎಲ್ಲ ಮನೆಗೂ ನಲ್ಲಿ ನೀರು ತಲುಪಿರುವುದರಿಂದ ಮಿನಿ ಟ್ಯಾಂಕಿನ ಅಗತ್ಯವಿಲ್ಲ, ಗುರುವಾರ ಕರೆಂಟು ಕತ್ತರಿಸಿ ಬೋರಿನ ಮೋಟಾರು ಬಿಚ್ಚಲಾಗುವುದು ಎಂದಿತ್ತು. ಅದೇ ಗುರುವಾರ ಬ್ಯಾಲದಕಟ್ಟೆಯನ್ನು 'ಮನೆಮನೆ ನಲ್ಲಿ ಗ್ರಾಮ' ಎಂದು ಸಾರುವ ಸಮಾರಂಭ. ಇದ್ದ ಆರು ಕೊಡವೂ ಹೋಗುವುದಕ್ಕೆ ಐದು ದಿನ ಉಳಿದಿತ್ತು.

ತಲುಪಿದೆ ಅಂತ ಬರೆದುಕೊಟ್ಟವನು ಯಾವನು ಎಂದು ಹೆಂಗಸರು ಕೊಡ ಹಿಡಿದು ನಿಂತಲ್ಲೇ ಶಾಪ ಹಾಕತೊಡಗಿದರು. ಕದಿರಯ್ಯ ಮುಚ್ಚಿಡಲಿಲ್ಲ. ನಾನೇ ಎಂದ. ಒಬ್ಬೊಬ್ಬರೇ ಮುಖ ತಿರುಗಿಸಿಕೊಂಡು ಹೋದರು.

ಮನೆಯಲ್ಲಿ ಸಣ್ಣಕ್ಕ ಮುದ್ದೆ ಇಟ್ಟಳು, ಹುರುಳಿ ಸಾರು ಬಿಟ್ಟಳು, ಪಕ್ಕದಲ್ಲಿ ತಂಬಿಗೆ ಇಟ್ಟಳು. ತಂಬಿಗೆ ಖಾಲಿ.

"ನೀರು?" ಎಂದ.

"ಬಂದೈತೆ ಅಂತ ನೀನೇ ಬರ್ಕೊಟ್ಟಿದ್ದೀಯಲ್ಲ, ನಲ್ಲಿ ತಿರುಗ್ಸಿ ಕುಡಿ. ಬರ್ದೇ ಇದ್ರೆ ನಿನ್ ಸೈನು ನೆಕ್ಕು" ಎಂದಳು. ಆಮೇಲೆ ಮೆಲ್ಲಗೆ, "ಒಂದ್ ಕುರ್ಚಿಗೆ ನಮ್ಮನ್ನೆಲ್ಲಾ ಮಾರ್ಬುಟ್ಟಲ್ಲಯ್ಯ" ಎಂದಳು.

ಕದಿರಯ್ಯ ಮುದ್ದೆಯ ತಟ್ಟೆ ಪಕ್ಕಕ್ಕೆ ಸರಿಸಿದ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಎದ್ದು ಮೂಡಲಗಿರಿಯಪ್ಪನನ್ನು ಹುಡುಕಿಕೊಂಡು ಹೊರಟ. ಮೆಂಬರ್ ದಾಳಿಂಬೆ ತೋಟದಲ್ಲಿದ್ದ. ಬೇಲಿ ದಾಟಿದರೆ ಕಾಲಡಿಯಲ್ಲೇ ಕಂಡಿತು, ನೀಲಿ ಗೆರೆಯ ಕರಿ ಪೈಪು. ಮೇಲೆ ಮನೆಮನೆ ನಲ್ಲಿ ಯೋಜನೆ ಎಂಬ ಅಚ್ಚು ಇನ್ನೂ ಮಾಸಿರಲಿಲ್ಲ. ಕೇರಿಗೆ ಬರಬೇಕಾದ ಅಷ್ಟೂ ಪೈಪು ಸಾಲುಸಾಲು ದಾಳಿಂಬೆಗೆ ನೀರು ಕುಡಿಸುತ್ತಿತ್ತು. ತೋಟದ ಮೂಲೆಯಲ್ಲಿ ಹೊಸ ಬೋರು ಕೊರೆದು ಬಾಯಿಗೆ ಗೋಣಿ ಮುಚ್ಚಿದ್ದರು. ಮಿನಿ ಟ್ಯಾಂಕಿನ ಮೋಟಾರು ಬಿಚ್ಚಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಇದು ಕೇರಿ ಪೈಪಲ್ವಾ ಗೌಡ್ರೆ" ಎಂದ.

ಮೂಡಲಗಿರಿಯಪ್ಪ ತಬ್ಬಿಬ್ಬಾಗಲಿಲ್ಲ. ಆರಾಮವಾಗಿ ಮೀಸೆ ಒರೆಸಿಕೊಂಡ. "ಕೇರಿಗೆ ನೀರು ತಲುಪೈತೆ ಅಂತ ಸೈನ್ ಹಾಕ್ದೋನು ನೀನು ಕಣ್ಲಾ. ತಲುಪಿದ್ ಮೇಲೆ ಮಿಕ್ಕಿದ್ದು ಎಲ್ಲಿದ್ರೆ ನಿಂಗೇನ್ಲಾ? ಬಾಯಿ ಬುಟ್ರೆ ಮೊದ್ಲು ಒಳೀಕ್ ಹೋಗೋನು ನೀನೇ."

ಹೇಳಿ, ಒಂದು ದಾಳಿಂಬೆ ಕಿತ್ತು ದೂರದಿಂದಲೇ ಅವನತ್ತ ಎಸೆದ. ಕದಿರಯ್ಯ ಕೈ ಚಾಚಲಿಲ್ಲ. ಹಣ್ಣು ಕೆಳಗೆ ಬಿದ್ದು ಒಡೆಯಿತು. ಚೆಲ್ಲಿದ ಕೆಂಪು ಕಾಳು ದಾಟಿಕೊಂಡು ಅವನು ಕೇರಿಯ ಕಡೆ ಹೊರಟ.

ಗುರುವಾರ ಕೇರಿಯ ಬಾಯಲ್ಲೇ ಶಾಮಿಯಾನ ಎದ್ದಿತು. ಕಳ್ಳಂಬೆಳ್ಳದಿಂದ ವಾಲಗದವರು ಬಂದರು. ಮಂಡಳಿಯ ದೊಡ್ಡ ಸಾಹೇಬರು ಕೇರಿಯಲ್ಲೇ ನೀರು ನೋಡಬೇಕಂತೆ ಎಂದು ರಂಗೇಶ್ ಬೆಳಗಿನಿಂದ ಬೆವರುತ್ತಿದ್ದ. ಅಶ್ವತ್ಥಮ್ಮನ ಮನೆಯ ಹಿಂದೆ ಟ್ರ್ಯಾಕ್ಟರು ನಿಲ್ಲಿಸಿ, ಅದರ ಮೇಲೆ ನೀರು ತುಂಬಿದ ಸಿಂಟೆಕ್ಸ್ ಇಟ್ಟು, ಅಲ್ಲಿಂದ ಒಂದು ರಬ್ಬರ್ ಹೋಸು ಎಳೆದು ಅವಳ ನಲ್ಲಿಯ ಬುಡಕ್ಕೆ ಸಿಕ್ಕಿಸಿದರು. ಹೋಸಿನ ಮೇಲೆ ಮಣ್ಣು ಮುಚ್ಚಲು ಕದಿರಯ್ಯನಿಗೇ ಹೇಳಿದರು. ಅವನು ಮುಚ್ಚಿದ. ಕೈ ತಾನಾಗಿ ಮುಚ್ಚಿತು, ಅಷ್ಟು ವರ್ಷದ ರೂಢಿ.

ಯಶೋದ ಮುದುಕಿಗೆ ಹೊಸ ಸೀರೆ ಉಡಿಸಿ ಮಾತು ಕಲಿಸಿದಳು. ಸಾಹೇಬರು ಬಂದರು. ಅಶ್ವತ್ಥಮ್ಮ ನಲ್ಲಿ ತಿರುಗಿಸಿದಳು. ನೀರು ಸುರಿಯಿತು. ಫೋಟೋದವರು ಮುಗಿಬಿದ್ದರು. ಮುದುಕಿ ಕಲಿಸಿದ ಮಾತನ್ನೆಲ್ಲ ಮರೆತು, ಎರಡು ಕೈಯಲ್ಲೂ ನೀರು ಹಿಡಿದು ಕಣ್ಣಿಗೊತ್ತಿಕೊಂಡು ಅತ್ತಳು. ಅವಳಿಗೆ ಹೋಸಿನ ವಿಷಯ ಯಾರೂ ಹೇಳಿರಲಿಲ್ಲ. ನಿಜವಾಗಿ ನೀರು ಬಂತು ಎಂದೇ ತಿಳಿದಳು. ಆ ಅಳುವೂ ಫೋಟೋಗೆ ಚೆನ್ನಾಗಿ ಸಿಕ್ಕಿತು. ಅದನ್ನು ಕಂಡು ಹೆಂಗಸರು ಕೊಡ ಹಿಡಿದು ಓಡಿಬಂದರು. ಅರ್ಧ ಕೊಡ ತುಂಬುವಷ್ಟರಲ್ಲಿ ನೀರು ನಿಂತಿತು. ಟ್ರ್ಯಾಕ್ಟರು ಹೋಸು ಕಿತ್ತುಕೊಂಡು, ಸಾಹೇಬರ ಊಟದ ಪಂಕ್ತಿಯಲ್ಲಿ ಕೈ ತೊಳೆಸಲು ಮೇಲಿನ ಬೀದಿಗೆ ಹೊರಟಿತ್ತು. ಮುದುಕಿ ಇನ್ನೂ ನಲ್ಲಿ ತಿರುಗಿಸುತ್ತಲೇ ಇದ್ದಳು. ಥೂ, ಇದಕ್ಕಿಂತ ಕೊಳಕು ಕೆಲಸವನ್ನು ಚರಂಡಿಗೆ ಇಳಿದವನೂ ಮಾಡಿರಲಾರ.

ಮೈಕಿನಲ್ಲಿ ಹೆಸರು ಕೂಗಿದರು. ಕೊನೆಯ ಮನೆಯವರೆಗೂ ನೀರು ತಲುಪಿಸಿದ ಜಲಸೇವಕ ಕದಿರಯ್ಯನವರಿಗೆ ಸನ್ಮಾನ. ಶಾಲು ಬಿಚ್ಚಿ ನಿಂತಿದ್ದರು. ಕುರ್ಚಿ ಕಾಯುತ್ತಿತ್ತು. ಕಟ್ಟೆಯ ಹತ್ತಿರ ಲೈನ್‌ಮನ್ ವೈರು ಕತ್ತರಿಸಲು ಕಟ್ಟರ್ ಹಿಡಿದು ನಿಂತಿದ್ದ.

"ಒಂದ್ ನಿಮಿಷ ಸ್ವಾಮಿ" ಎಂದು ಕದಿರಯ್ಯ ತಿರುಗಿ ನಡೆದ. ಕೇರಿಯುದ್ದಕ್ಕೂ ನಡೆದು ತನ್ನ ಮನೆಯ ಮುಂದೆ ನಿಂತ. ನಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ. ದೊಡ್ಡ ಬಲವೇನೂ ಬೇಕಾಗಲಿಲ್ಲ. ಕಡಲೇಕಾಯಿ ಗಿಡದ ಹಾಗೆ ಕಿತ್ತು ಬಂತು. ಮಣ್ಣಿನೊಳಗೆ ಇದ್ದದ್ದು ಒಂದೂವರೆ ಅಡಿ ಪೈಪು, ತುದಿಗೆ ಒಂದು ಮುಚ್ಚಳ. ಒಳಗೆ ಧೂಳು. ಬುಡದ ಮಣ್ಣನ್ನು ಒಂದು ಹಿಡಿ ತುಂಬಿಕೊಂಡು, ಪೈಪನ್ನು ಹೆಗಲಿಗಿಟ್ಟು ವೇದಿಕೆಗೆ ಬಂದ. ಸಾಹೇಬರ ಮುಂದಿನ ಮೇಜಿನ ಮೇಲೆ, ಬಿಸ್ಲೇರಿ ಬಾಟಲಿಯ ಪಕ್ಕ, ಪೈಪು ಇಟ್ಟ. ಅಂಗೈ ಬಿಚ್ಚಿದ.

"ಕೊನೆ ಮನೆ ಮಣ್ಣು ಸ್ವಾಮಿ. ಇದು ನೆನೆಯೋ ಗಂಟ ನೀರು ತಲುಪ್ತು ಅಂತ ಹೇಳಂಗಿಲ್ಲ, ನಮ್ಮೂರ ಕಟ್ಟು. ನಾನು ಹೇಳ್ಬುಟ್ಟೆ. ತಪ್ಪು ನಂದು, ಜೈಲಿಗೆ ಹಾಕಿ. ನನ್ ಜತೇಲಿ ಬರೋರು ಇಲ್ಲೇ ಕೂತವ್ರೆ, ಪೈಪು ಅವ್ರ ದಾಳಿಂಬೆ ತೋಟದಾಗೈತೆ" ಎಂದು ಮೂಡಲಗಿರಿಯಪ್ಪನ ಕಡೆ ಕೈ ತೋರಿದ. ಟೋಪಿ ತೆಗೆದು ಕುರ್ಚಿಯ ಮೇಲಿಟ್ಟ.

ವಾಲಗ ನಿಂತಿತು. ಮೂಡಲಗಿರಿಯಪ್ಪ ಎದ್ದು ಅವನ ತಾಯಿಯನ್ನು ಎತ್ತಿ ಬೈದ. ರಂಗೇಶ್ ಹಲ್ಲು ಕಚ್ಚಿ, ಸರ್ಕಾರಿ ಆಸ್ತಿ ಕಿತ್ತರೆ ಕೇಸಾಗುತ್ತದೆ, ಅರೆಸ್ಟ್ ಆಗುತ್ತೀಯ ಎಂದ. 'ಅವ್ರೇ' ಎಂಬುದು ಎಲ್ಲಿ ಹೋಯಿತೋ. ಸಾಹೇಬರು ಮಣ್ಣು ನೋಡಲಿಲ್ಲ, ಗಡಿಯಾರ ನೋಡಿಕೊಂಡರು.

ಆಗ ಹಿಂದಿನಿಂದ ಕಟಕ್ ಎಂದು ಸದ್ದಾಯಿತು. ಅಶ್ವತ್ಥಮ್ಮನ ಅಂಗಳದಲ್ಲಿ ಸಣ್ಣಕ್ಕ ಬಗ್ಗಿದ್ದಳು. ಮುದುಕಿಯ ನಲ್ಲಿ ಅವಳ ಕೈಯಲ್ಲಿತ್ತು. ಅದನ್ನು ರಂಗೇಶನ ಬೂಟಿನ ಮುಂದೆ ಒಗೆದಳು.

"ಹಾಕಿ ಕೇಸು. ನಲವತ್ತೆರಡು ಮನೆ ಮೇಲೂ ಹಾಕಿ. ನೀರು ಬರ್ತಿದ್ದ ನಲ್ಲಿ ಕಿತ್ತವ್ರೆ ಅಂತ್ಲೇ ಬರ್ಕೊಳ್ಳಿ. ಇವನ್ನೆಲ್ಲಾ ಹೊತ್ಕೊಂಡು ಕೋರ್ಟಿಗೆ ಬತ್ತೀವಿ. ಬೇರಿನಾಗೆ ಎಷ್ಟು ನೀರಿತ್ತು ಅಂತ ಜಡ್ಜು ನೋಡ್ಲಿ."

ಕೇರಿಯ ಹೆಂಗಸರು ಪ್ರತಿ ವರ್ಷ ಗೌಡರ ಹೊಲಗಳಲ್ಲಿ ಕಡಲೇಕಾಯಿ ಕೀಳುವವರು. ಸಾಲು ಹಿಡಿದು ಕೀಳುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೊಡ ಕೆಳಗಿಟ್ಟು ಸಾಲಾದರು. ನಾಲ್ಕು ಜನ ಮಾತ್ರ ಹೋಗಿ ಮಿನಿ ಟ್ಯಾಂಕಿನ ಕಟ್ಟೆಯ ಸುತ್ತ ಕೂತುಬಿಟ್ಟರು. ಲೈನ್‌ಮನ್ ಅವರನ್ನೊಮ್ಮೆ, ರಂಗೇಶನನ್ನೊಮ್ಮೆ ನೋಡಿ, ಕಟ್ಟರನ್ನು ಚೀಲಕ್ಕೆ ಹಾಕಿಕೊಂಡ. ಸಾಹೇಬರ ಜೀಪು ಹೊರಡುವ ದಾರಿಗೆ ಅಡ್ಡಲಾಗಿ ನೀಲಿ ಪೈಪುಗಳು ಒಂದರ ಮೇಲೊಂದು ಬೀಳತೊಡಗಿದವು. ಒಂದರ ಬುಡದಲ್ಲೂ ಹಸಿ ಇರಲಿಲ್ಲ.

"ಗಿಡಕ್ಕೊಂದು ಕಾಯಿಲ್ಲ ಕಣ್ರಮ್ಮ, ಬರೀ ಜೊಳ್ಳು" ಎಂದಳು ಸಣ್ಣಕ್ಕ. ಯಾರೋ ನಕ್ಕರು. ಇನ್ನೂ ಹತ್ತೊಂಬತ್ತು ನಲ್ಲಿ ಉಳಿದಿದ್ದವು. ಕದಿರಯ್ಯ ಶಾಮಿಯಾನದಿಂದ ಇಳಿದು ಬಂದು ಸಾಲಿನ ತುದಿಯಲ್ಲಿ ಸೇರಿಕೊಂಡ. ಸಣ್ಣಕ್ಕ ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟಳು. ಎಲ್ಲರೂ ಮುಂದಿನ ಮನೆಗೆ ಹೋದರು.