ತಾಯಿಯ ಮುಖ ಕತ್ತರಿಸಿದ ಮೇಲೆ

ಬೋಗಾದಿಯಾಚೆಯ ನಮ್ಮ ಒಣಕಸದ ಘಟಕದಲ್ಲಿ ಹೆಂಗಸರು ಪ್ಲಾಸ್ಟಿಕ್ ಆರಿಸುವಾಗ ನಾನು ಅವರ ಕೈಗಳನ್ನೇ ನೋಡುತ್ತಿರುತ್ತೇನೆ. ಹಾಲಿನ ಕವರು, ಅಂಗಡಿ ಚೀಲಗಳನ್ನು ಮೆಷಿನ್ನಿನಲ್ಲಿ ಚೂರು ಮಾಡಿ ರಸ್ತೆ ಕೆಲಸಕ್ಕೆ ಕಳಿಸುತ್ತೇವೆ. ಡಾಂಬರು ಘಟಕದಲ್ಲಿ ಆ ಚೂರನ್ನು ಕಾದ ಜಲ್ಲಿಗೆ ಸುರಿಯುವುದು ನನ್ನ ಗಂಡ ಯೋಗೇಂದ್ರ. ಫ್ಲೆಕ್ಸ್ ಬ್ಯಾನರ್ ಮಾತ್ರ ಸೇರಬಾರದು. ಕಾದರೆ ಅದರ ಹೊಗೆ ಎದೆ ಸುಡುತ್ತದೆ. ಯೋಗೇಂದ್ರನ ಎದೆ ಮೊದಲೇ ಸರಿಯಿಲ್ಲ. ಇನ್ನೊಮ್ಮೆ ಅಂಥ ಹೊಗೆ ಕುಡಿದರೆ ಉಳಿಸಿಕೊಳ್ಳುವುದು ಕಷ್ಟ ಎಂದು ಸರಸ್ವತಿಪುರಂನ ಡಾಕ್ಟರು ಹೇಳಿದ್ದರು. ಬೇರೆ ಕೆಲಸ ಹುಡುಕುತ್ತಲೇ ಇದ್ದೆವು.

ದಸರಾ ಮುಗಿದು ಊರಿನ ಬ್ಯಾನರುಗಳೆಲ್ಲ ನಮ್ಮಲ್ಲಿಗೆ ಬಂದವು. ಫ್ಲೆಕ್ಸ್ ಸುಲಭವಾಗಿ ಗುರುತು ಸಿಗಲೆಂದು, ಚಿತ್ರವಿರುವುದನ್ನೆಲ್ಲ ಪಕ್ಕಕ್ಕಿಡಿ ಎಂದು ಹೇಳಿದ್ದೆ. ಮರುದಿನ ಮಧ್ಯಾಹ್ನ ನೋಡಿದರೆ, ಕಾಲು ತಾಗದ ಹಾಗೆ ಇಟ್ಟಿಗೆಗಳ ಮೇಲೆ ದೇವಿಯ ಮುಖಗಳಷ್ಟೇ ಇದ್ದವು. ಕತ್ತರಿಸಿ, ಒಪ್ಪವಾಗಿ ಜೋಡಿಸಿ, ಮೇಲೊಂದು ಕನಕಾಂಬರ ಇಟ್ಟಿದ್ದರು.

ಉಳಿದದ್ದೆಲ್ಲಿ ಎಂದು ಎಲ್ಲರಿಗೂ ಹಿರಿಯಳಾದ ಚಾಮುಂಡೇಶ್ವರಿಯನ್ನು ಕೇಳಿದೆ.

"ತಾಯಿ ಮುಖದ್ ಮ್ಯಾಲೆ ಲಾರಿ ಓಡುಸ್ಬೌದಾ ಕಣಮ್ಮ? ಅದ್ಕೇ ತೆಗ್ದಿಟ್ಟೆ. ಮಿಕ್ಕಿದ್ರಲ್ಲಿ ಚಿತ್ರ ಇರ್ನಿಲ್ವಲ್ಲ, ಮಿಸೀನ್ಗೆ ಹಾಕ್ಬುಟ್ಟೆ."

ನನ್ನ ಮಾತನ್ನು ಆಕೆ ಚಾಚೂ ತಪ್ಪದೆ ಪಾಲಿಸಿದ್ದಳು. ಆ ಚೂರಿನ ಮೂಟೆಗಳು ಬೆಳಿಗ್ಗೆಯೇ ಹೋಗಿದ್ದವು.

ಯೋಗೇಂದ್ರನಿಗೆ ಫೋನು ಮಾಡಿದೆ. ಜಲ್ಲಿ ಕಾಯಿಸುವ ಡ್ರಮ್ಮಿನ ಸದ್ದಿನಲ್ಲಿ ಅವನಿಗೆ ಕೇಳಿಸುವುದಿಲ್ಲ. ಆಟೊ ಹಿಡಿದೆ. ಡಾಂಬರು ಘಟಕದ ಗೇಟಿನಲ್ಲೇ ಮೂಗು ಉರಿಯಿತು. ಯೋಗೇಂದ್ರ ಬಾಯಿಗೆ ಟವೆಲ್ಲು ಕಟ್ಟಿಕೊಂಡು ಬಾಗಿ ಕೆಮ್ಮುತ್ತಿದ್ದ.

ಮೇಸ್ತ್ರಿ ಸಿದ್ದಮಲ್ಲಪ್ಪನವರಿಗೆ ಎಲ್ಲ ಹೇಳಿದೆ. ಡ್ರಮ್ಮು ನಿಲ್ಲಿಸಿದರೆ ಒಳಗಿನ ಮಾಲು ಗಟ್ಟಿಯಾಗುತ್ತದೆ, ಅಲ್ಲಿ ರಸ್ತೆಯ ಮೇಲೆ ರೋಲರ್ ಕಾಯುತ್ತಿದೆ ಎಂದರು. ಚೂರನ್ನು ನೀರಿಗೆ ಹಾಕಿದರೆ ಫ್ಲೆಕ್ಸ್ ಮುಳುಗುತ್ತದೆ, ಮಿಕ್ಕದ್ದು ತೇಲುತ್ತದೆ, ಬೇರೆ ಮಾಡಿಕೊಡುತ್ತೇನೆ ಎಂದೆ. ಒದ್ದೆ ಮಾಲು ಹಾಕುವ ಹಾಗಿಲ್ಲ, ಪ್ಲಾಸ್ಟಿಕ್ಕೇ ಹಾಕದಿದ್ದರೆ ರಸ್ತೆಯ ಬಿಲ್ಲು ಪಾಸಾಗುವುದಿಲ್ಲ ಎಂದರು. ಒರಟಾಗಿ ಹೇಳಲಿಲ್ಲ. ನನಗೆ ಕೂರಲು ಕುರ್ಚಿ ತರಿಸಿದರು.

"ಮನೆಗೆ ಹೋಗೋಣ ನಡಿ," ಎಂದೆ ಯೋಗೇಂದ್ರನಿಗೆ.

"ನಾನ್ ಬಿಟ್ರೆ ಸುಂದರೇಶ ಸುರೀಬೇಕು ಕಣೆ. ಅವನ ಮಗು ಇನ್ನೂ ಮೊಲೆ ಬಿಟ್ಟಿಲ್ಲ," ಎಂದು ಡ್ರಮ್ಮಿನಾಚೆ ನಿಂತಿದ್ದ ಜೊತೆಗಾರನ ಕಡೆ ನೋಡಿದ.

ಮೂಟೆಯ ಬಾಯಿ ಬಿಚ್ಚಿ ಮಂಡಿಯೂರಿದೆ. ಒಳಗೆಲ್ಲ ಬಿಳಿ ಚೂರು. ಒಂದನ್ನು ಬೆಳಕಿಗೆ ಹಿಡಿದೆ. ಹಾಲಿನ ಕವರೋ ಫ್ಲೆಕ್ಸೋ ತಿಳಿಯಲಿಲ್ಲ. ಇನ್ನೊಂದನ್ನು ಹಿಡಿದೆ. ಯೋಗೇಂದ್ರ ಸ್ವಲ್ಪ ಹೊತ್ತು ಕಾದ. ಆಮೇಲೆ ನನ್ನ ಕೈಯನ್ನು ಮೆಲ್ಲಗೆ ಸರಿಸಿ ಮೂಟೆ ಎತ್ತಿಕೊಂಡ.