ಬೀರಪ್ಪನ ಜಗಲಿ ಮೇಲಿನ ಹಾಲ್‌ಟಿಕೆಟ್

ಮಕ್ತಲಿನ ಮಾರೆಪ್ಪನ ಮಗಳು ಭಾಗ್ಯಳನ್ನು ಓಣಿಯವರು ಮರೆವಮ್ಮ ಎನ್ನುತ್ತಿದ್ದರು. ತೆಲಂಗಾಣ ಬಂತು, ಹೊಸ ಜಿಲ್ಲೆ ಬಂತು, ಹೊಸ ಬೋರ್ಡು ಬಂತು, ತಡವಾಗಿಯಾದರೂ ನೌಕರಿಯ ನೋಟಿಫಿಕೇಶನ್ನೂ ಬಂತು. ಪರೀಕ್ಷೆಯ ಹಾಲಿನವರೆಗೆ ಭಾಗ್ಯ ಮಾತ್ರ ಬರಲಿಲ್ಲ. ಮೊದಲ ಸಲ ಅರ್ಜಿಯ ಕೊನೇ ತಾರೀಖು ಮರೆತಳು. ಎರಡನೇ ಸಲ ಆಧಾರ್ ಕಾರ್ಡನ್ನು ಜೆರಾಕ್ಸ್ ಮಷಿನ್ನಿನಲ್ಲೇ ಬಿಟ್ಟು, ಬರೀ ನಕಲು ಹಿಡಿದು ಹೋಗಿ ಗೇಟಿನಿಂದಲೇ ವಾಪಸಾದಳು.

"ಮೂರನೇ ಸಲಾನೂ ಹಿಂಗಾತಂದ್ರ ಪುಸ್ತಕ ಕಟ್ಟಿಡು, ಕುರಿ ಹಿಂದ ನಡಿ," ಎಂದ ಮಾರೆಪ್ಪ.

ಅದಕ್ಕೇ ಅವಳು ನಾರಾಯಣಪೇಟೆಗೆ ಹೋಗಿ, ಸೀರೆ ಅಂಗಡಿಯ ಮೇಲಿನ ವಾದಿರಾಜ ಸಾರ್ ಕೋಚಿಂಗ್ ಸೇರಿದಳು. ಆ ಬೀದಿಯ ಉಳಿದವರು ಚರಿತ್ರೆ, ಗಣಿತ ಕಲಿಸುತ್ತಿದ್ದರು. ಸಾರ್ ಕಲಿಸುತ್ತಿದ್ದುದು ಸ್ವಯಂ ನಿರ್ವಹಣೆ: ಕೆಲಸ ಶುರು ಮಾಡುವುದು ಹೇಗೆ, ವೇಳೆಗೆ ಮುಗಿಸುವುದು ಹೇಗೆ, ಯಾವುದನ್ನು ಎಲ್ಲಿಡಬೇಕು.

"ಓದಿದ್ದು ತಲ್ಯಾಗ ಇರ್ಲಿ ಬಿಡವ್ವಾ. ತಲಿ ಎಲ್ಲದ, ಅದು ಮೊದ್ಲು ಗೊತ್ತಿರ್ಲಿ," ಎನ್ನುತ್ತಿದ್ದರು.

ಅವರ ಮೊದಲ ಪಾಠ: ಮುಖ್ಯವಾದದ್ದಕ್ಕೆ ಒಂದೇ ಜಾಗ, ಮನೆಯಲ್ಲಿ ಯಾರೂ ಕೈಹಾಕದ ಜಾಗ. ಭಾಗ್ಯ ಮನೆದೇವರು ಬೀರಪ್ಪನ ಜಗಲಿಯನ್ನು, ಅಂದರೆ ದೇವರ ಕಟ್ಟೆಯನ್ನು, ಆರಿಸಿಕೊಂಡಳು. ಹಾಲ್‌ಟಿಕೆಟ್, ಅಸಲಿ ಆಧಾರ್ ಕಾರ್ಡು ಎರಡನ್ನೂ ಕವರಿಗೆ ಹಾಕಿ ದೇವರ ಮುಂದೆ ಇಟ್ಟಳು. ಹತ್ತು ದಿನ, ದಿನಾ ಬೆಳಿಗ್ಗೆ ನೋಡಿ ಚೀಟಿಯಲ್ಲಿ ಟಿಕ್ ಹಾಕಿದಳು.

ಪರೀಕ್ಷೆಯ ದಿನ ಬೆಳಿಗ್ಗೆ ಕವರ್ ಇರಲಿಲ್ಲ. ಅಲ್ಲೊಂದು ಹಳದಿ ಬಟ್ಟೆಯ ಗಂಟಿತ್ತು.

"ಯವ್ವಾ, ಇಲ್ಲಿ ಕವರ್ ಇತ್ತಲ್ಲ?"

"ಅದ್ರಾಗ ಐತಿ," ಎಂದಳು ತಾಯಿ ಕಿಷ್ಟಮ್ಮ. "ನೀ ದೇವ್ರ ಮುಂದ ಇಟ್ಟಿದ್ಯಲ್ಲ, ನಿನ್ನೆ ಸಂಜಿಗೆ ಅರಿಶಿಣದ ಭಂಡಾರ ಹಾಕಿ ಮುಡುಪು ಕಟ್ಟೀನಿ. ನೌಕ್ರಿ ಬಂದಮ್ಯಾಗ ಗುಡಿಗೆ ಒಯ್ದು ಬಿಚ್ಚೋಣು."

"ಬಿಚ್ಚಲಿಲ್ಲಂದ್ರ ನೌಕ್ರಿ ಹೆಂಗ ಬರ್ತೈತಬೇ?"

"ಹರಕಿ ತೀರೋಕಿಂತ ಮದ್ಲ ಬಿಚ್ಚಿದ್ರ ಹೆಂಗ ಬರ್ತೈತಿ?"

ಎರಡೂ ಸರಿಯಾದ ಪ್ರಶ್ನೆಗಳೇ. ಭಾಗ್ಯ ಸಾರ್‌ಗೆ ಫೋನ್ ಹಚ್ಚಿದಳು.

"ಗಾಬ್ರಿ ಆಗಬ್ಯಾಡ. ಕೆಲಸಾ ತುಂಡು ತುಂಡು ಮಾಡ್ಕೋ. ಮೊದಲ್ನೇ ತುಂಡು ಏನು?"

"ಮುಡುಪು ಬಿಚ್ಚೋದ್ರೀ ಸಾರ್."

"ಮುಡುಪಾ? ಅದನ್ನ ಮಾತ್ರ ಬಿಚ್ಚಬ್ಯಾಡವ್ವಾ! ನಮ್ಮನ್ಯಾಗ ತಿರುಪತಿದು ಹನ್ನೆರಡು ವರ್ಷದಿಂದ ಅದ. ಯಾರೂ ಮುಟ್ಟಂಗಿಲ್ಲ."

"ಹಂಗಾರ ಏನ್ ಮಾಡ್ಲಿರೀ?"

"ಅದನ್ನ... ನೀನೇ ನಿರ್ವಹಿಸ್ಕೋಬೇಕು," ಎಂದು ಸಾರ್ ಫೋನಿಟ್ಟರು.

ಭಾಗ್ಯ ಗಂಟನ್ನು ಹಾಗೇ ಎತ್ತಿಕೊಂಡು, ಪರೀಕ್ಷಾ ಕೇಂದ್ರವಿದ್ದ ಗದ್ವಾಲ್‌ನ ಬಸ್ಸು ಹತ್ತಿದಳು. ತಾಯಿ ಬಾಗಿಲವರೆಗೆ ಬಂದು ಗಂಟಿಗೆ ಕೈಮುಗಿದಳು.

ಕಾಲೇಜಿನ ಗೇಟು ಮುಚ್ಚಲು ನಾಲ್ಕೇ ನಿಮಿಷ. "ಏನಿದು? ಬಿಚ್ಚು," ಎಂದಳು ಮಹಿಳಾ ಪೊಲೀಸು.

"ನೀವೇ ಬಿಚ್ರೀ ಮೇಡಂ."

ಭಂಡಾರದ ವಾಸನೆ ಮೂಗಿಗೆ ಬಡಿದು ಪೊಲೀಸಮ್ಮ ಕೈ ಹಿಂದಕ್ಕೆಳೆದುಕೊಂಡಳು. "ನಾ ಯಾಕ ಬಿಚ್ಲಿ ತಾಯಿ? ನನಗೂ ಮಕ್ಳದಾವ."

ಭಾಗ್ಯ ಕಣ್ಣು ಮುಚ್ಚಿ ಗಂಟಿಗೆ ಹಲ್ಲು ಹಚ್ಚಿದಳು. ಭಂಡಾರ ಸೀರೆಯ ಮೇಲೆಲ್ಲ ಚೆಲ್ಲಿತು. ಗೇಟು ಅವಳ ಬೆನ್ನ ಹಿಂದೆ ಮುಚ್ಚಿತು. ಬದುಕಿನಲ್ಲಿ ಮೊದಲ ಸಲ ನೌಕರಿಯ ಪರೀಕ್ಷೆ ಬರೆದಳು. ಉತ್ತರ ಪತ್ರಿಕೆಯ ಮೂಲೆಯಲ್ಲಿ ಹಳದಿ ಹೆಬ್ಬೆರಳ ಗುರುತೊಂದು ಮೂಡಿತು. ಎಷ್ಟು ಒರೆಸಿದರೂ ಹೋಗಲಿಲ್ಲ.

ವಾಪಸಾಗುವಾಗ ಧರೂರು ದಾಟಿ, ಜೂರಾಲ ಅಣೆಕಟ್ಟು ಕಂಡಾಗ ಚೀಟಿ ತೆಗೆದಳು. ಹಾಲ್‌ಟಿಕೆಟ್, ಟಿಕ್. ಕಾರ್ಡು, ಟಿಕ್. ಪೆನ್ನು, ಟಿಕ್. ಹಳದಿ ಬಟ್ಟೆ ಚೀಟಿಯಲ್ಲಿರಲಿಲ್ಲ. ಅದು ಗೇಟಿನ ಪಕ್ಕದ ಕಟ್ಟೆಯ ಮೇಲೆ ಉಳಿದಿತ್ತು.

"ನಿಲ್ಲಿಸ್ರೀ!"

ಇಳಿದು, ರಸ್ತೆ ದಾಟಿ, ಗದ್ವಾಲ್ ಕಡೆಯ ಬಸ್ಸಿಗೆ ನಿಂತಳು. ಇಳಿ ಎಂದು ಯಾವ ಸಾರೂ ಹೇಳಿರಲಿಲ್ಲ. ಫೋನ್ ಬಡಿದುಕೊಂಡಿತು.

"ಬಿಚ್ಚಿದ್ಯಾ?" ಎಂದಳು ತಾಯಿ.

"ಬಿಚ್ಚೀನಬೇ."

"ಆ ಹಳದಿ ಅರಿವೀನರ ಜೋಪಾನ ತಗೊಂಬಾ. ತಪ್ಪಾತಂತ ಅಡ್ಡಬಿದ್ದು ಮತ್ತ ಕಟ್ಟೋಣು."

ಭಾಗ್ಯ ಖಾಲಿ ರಸ್ತೆ ನೋಡಿದಳು. ಬಸ್ಸಿನ ಸುಳಿವಿರಲಿಲ್ಲ.

"ತರ್ತೀನಿ," ಎಂದಳು.