ಒಂದು ರಿಂಗ್

ಅಣ್ಣ ತೀರಿಕೊಂಡ ಮೇಲೆ ಬ್ಯಾಗ್ ಹೊಲಿಯುವವಳಿಗೆ ಸೂಜಿ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಬಟ್ಟೆಯ ಮೇಲೆ ರಕ್ತದ ಚುಕ್ಕೆ ಕಂಡಾಗಲೇ, ಓಹೋ, ಚುಚ್ಚಿದೆ ಎಂದು ತಿಳಿಯುತ್ತಿತ್ತು. ಬೆರಳಿಗೆ ಚಿಂದಿ ಸುತ್ತಿಕೊಂಡು ಮತ್ತೆ ಮಷಿನ್ ತುಳಿಯುತ್ತಿದ್ದಳು. ಅಂಗಡಿ ಎಂದರೆ ಬಸ್ ನಿಲ್ದಾಣದ ಹಿಂದಿನ ಓಣಿಯ ಒಂದು ಕೋಣೆ. ಕೈಕೊಟ್ಟ ಜಿಪ್ಪು, ಕಿತ್ತುಬಂದ ಪಟ್ಟಿ, ಹರಿದ ಸ್ಕೂಲ್ ಬ್ಯಾಗುಗಳ ನಡುವೆ ಅವಳದೊಂದು ಸ್ಟೂಲು.

ಅಣ್ಣನಿಗೆ ಮನೆಯಲ್ಲಿ ಒಂಟಿಸಲಗ ಎಂದೇ ಹೆಸರು. ರಜೆ ಸಿಕ್ಕರೆ ಸಾಕು, ಬೆನ್ನಿಗೆ ಬ್ಯಾಗ್ ಏರಿಸಿ ಗುಡ್ಡ ಹತ್ತಲು ಹೊರಡುತ್ತಿದ್ದ. ಯಾರಾದರೂ ಜೊತೆಗೆ ಬರುತ್ತೇನೆ ಎಂದರೆ ಅವನ ಮುಖ ಹರಳೆಣ್ಣೆ ಕುಡಿದಂತಾಗುತ್ತಿತ್ತು. ಹೆಂಡತಿಗೆ ಹೇಳಿದರೆ ಜಗಳ. ಹಾಗಾಗಿ ಎಲ್ಲಿಗೆ, ಯಾವ ದಾರಿ ಎಂದು ಹೇಳಿಹೋಗುತ್ತಿದ್ದದ್ದು ತಂಗಿಗೆ ಮಾತ್ರ. ಕೆಳಗಿಳಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದ. ಒಂದೇ ರಿಂಗ್, ಆಮೇಲೆ ಕಟ್. ಇಳಿದೆ ಎಂದರ್ಥ. ಅವಳು ಅಪ್ಪಿತಪ್ಪಿ ಎತ್ತಿದರೆ, ದುಡ್ಡು ದಂಡ ಮಾಡಿಸಿದೆ ಎಂದು ರೇಗಿಸುತ್ತಿದ್ದ.

ಆ ಸಂಜೆಯೂ ಒಂದೇ ರಿಂಗ್ ಬಂದು ನಿಂತಿತು. ಸದ್ಯ, ಇಳಿದ ಎಂದುಕೊಂಡು ಅವಳು ಹಿಡಿದ ಹೊಲಿಗೆ ಮುಗಿಸಿದಳು, ಮನೆಗೆ ಹೋಗಿ ಉಂಡಳು, ಮಲಗಿದಳು. ಅಣ್ಣ ಇಳಿದಿರಲಿಲ್ಲ. ಕಾಲು ಮುರಿದುಕೊಂಡು ಬಂಡೆಗಳ ಸಂದಿಯಲ್ಲಿ ಬಿದ್ದಿದ್ದ. ಸಹಾಯಕ್ಕೆಂದು ಮಾಡಿದ ಕರೆ ಒಂದು ರಿಂಗ್ ಆಗುವಷ್ಟರಲ್ಲಿ ಸಿಗ್ನಲ್ ಹೋಗಿತ್ತು. ಹುಡುಕಲು ಹೊರಟವರಿಗೆ ಸಿಗುವ ಹೊತ್ತಿಗೆ ಚಳಿ ಅವನನ್ನು ಮುಗಿಸಿತ್ತು. ಅವನ ಬಳಿ ಸೀಟಿಯಿತ್ತು. ಅದು ಬ್ಯಾಗಿನ ತಳದಲ್ಲಿ, ಅವಳೇ ಅಕ್ಕರೆಯಿಂದ ಹೊಲಿದುಕೊಟ್ಟ ಒಳಜೇಬಿನಲ್ಲಿತ್ತು. ಬ್ಯಾಗು ಅವನ ಕೈಗೆ ಎಟುಕದಷ್ಟು ದೂರ ಉರುಳಿತ್ತು.

ಯಾರೂ ಅವಳನ್ನು ಬೈಯಲಿಲ್ಲ. ಅತ್ತಿಗೆ ಕೂಡ "ನಿಂದೇನಮ್ಮ ತಪ್ಪು" ಎಂದು ತಲೆ ಸವರಿದಳು. ಮಾತಾಡಿಸಲು ಬಂದವರೆಲ್ಲ ಅದನ್ನೇ ಹೇಳಿ, ನೀರು ಕುಡಿದು ಹೋದರು. ಅವಳು ತಲೆಯಾಡಿಸಿದಳು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಒಳಗೆಲ್ಲ ಮರಗಟ್ಟಿಹೋಗಿತ್ತು.

ವರ್ಷ ಕಳೆದ ಮೇಲೆ ಅಣ್ಣನ ಮಗಳು ಅದೇ ಬ್ಯಾಗನ್ನು ತಂದು ಮಷಿನ್ ಮೇಲಿಟ್ಟಳು.

"ಅತ್ತೆ, ಪಟ್ಟಿ ಗಟ್ಟಿ ಮಾಡಿಕೊಡು. ನಾಳಿದ್ದು ಅಪ್ಪ ಹೋದ ಗುಡ್ಡಕ್ಕೆ ಹೋಗ್ತೀನಿ."

"ಯಾರ ಜೊತೆ?"

"ಒಬ್ಬಳೇ."

"ನಿಮ್ಮಮ್ಮ ಬಿಟ್ಟಳಾ?"

"ಬಿಟ್ಟಳು. ಬಿಟ್ಟು ಅಳ್ತಾ ಕೂತಿದ್ದಾಳೆ. ಅದಕ್ಕೇ ಫೋನ್ ನಿಂಗೆ ಮಾಡ್ತೀನಿ. ನೀನು ಅಳಲ್ಲ ನೋಡು."

ಹುಡುಗಿ ಕೊಂಕು ಮಾತಾಡಿದ್ದಲ್ಲ, ಇದ್ದದ್ದನ್ನು ಇದ್ದಹಾಗೆ ಹೇಳಿದ್ದಳು. ಬೇಡ ಎಂದರೆ ಕೇಳುವ ವಂಶ ಅದಲ್ಲ. ಅತ್ತೆ ಬ್ಲೇಡು ತಗೊಂಡು ಆ ಒಳಜೇಬನ್ನು ಬಿಚ್ಚಿ ಬಿಸಾಡಿದಳು. ಸೀಟಿಯನ್ನು ಹೆಗಲ ಪಟ್ಟಿಗೆ, ಕತ್ತು ಬಗ್ಗಿಸಿದರೆ ಬಾಯಿಗೆ ಸಿಗುವಂತೆ, ದಪ್ಪ ದಾರದಲ್ಲಿ ಕಟ್ಟಿದಳು. ದೂರದಿಂದ ಕಾಣಲೆಂದು ಬ್ಯಾಗಿನ ಬೆನ್ನಿಗೆ ಕಿತ್ತಳೆ ಬಟ್ಟೆ ಹೊಲಿದಳು. ಆಮೇಲೆ ಹುಡುಗಿ ಬೇರೆ ಚೀಲದಲ್ಲಿ ತುಂಬಿಕೊಂಡು ಬಂದಿದ್ದನ್ನು ನೆಲಕ್ಕೆ ಸುರಿದು ನೋಡಿದಳು. ಟಾರ್ಚ್ ಇತ್ತು, ಬೇರೆ ಸೆಲ್ ಇರಲಿಲ್ಲ. ಕ್ಯಾಮೆರಾ ಇತ್ತು, ಸ್ವೆಟರ್ ಇರಲಿಲ್ಲ.

"ಚಳಿಯಾದ್ರೆ ಫೋಟೋ ಹೊದ್ಕೋತೀಯಾ?"

"ಸಂಜೆಯೊಳಗೆ ಬಂದ್ಬಿಡ್ತೀನಲ್ಲ ಅತ್ತೆ."

"ನಿಮ್ಮಪ್ಪನೂ ಸಂಜೆಯೊಳಗೆ ಬರೋನೇ."

ಹುಡುಗಿ ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸಿದಳು.

"ಇನ್ನೊಂದು ಮಾತು. ಮಿಸ್ಡ್ ಕಾಲ್ ಗಿಸ್ಡ್ ಕಾಲ್ ನಡೆಯಲ್ಲ. ಬಾಯಿಬಿಟ್ಟು ಮಾತಾಡ್ಬೇಕು. ಒಂದು ರಿಂಗ್ ಆಗಿ ನಿಂತ್ರೆ ಜನ ಕಳಿಸ್ತೀನಿ."

"ಅಯ್ಯೋ, ಎಲ್ಲರೂ ನಗ್ತಾರೆ!"

"ನಗಲಿ."

ಹುಡುಗಿ ಗುಡ್ಡಕ್ಕೆ ಹೋದ ದಿನ ಅತ್ತೆ ಫೋನನ್ನು ಮಷಿನ್ ಮೇಲೆ, ಕಣ್ಣೆದುರಿಗೇ ಇಟ್ಟುಕೊಂಡಿದ್ದಳು. ಬಿಸಿಲು ಬಾಗಿಲಿಂದ ಆಚೆ ಸರಿಯುವ ಹೊತ್ತಿಗೆ ಅದು ಒಂದು ರಿಂಗ್ ಆಗಿ ನಿಂತಿತು. ತಿರುಗಿ ಮಾಡಿದಳು, ಹೋಗಲಿಲ್ಲ. ಅಪ್ಪನ ಹಾಗೆ ಅಭ್ಯಾಸಬಲದಿಂದ ಕಟ್ ಮಾಡಿರಬಹುದು. ಇಳಿದಿರಬಹುದು. ಈ ಇರಬಹುದು ಎನ್ನುವುದನ್ನು ನಂಬಿ ಒಮ್ಮೆ ಉಂಡು ಮಲಗಿದವಳು ಅವಳು. ಹಿಂದೆಮುಂದೆ ನೋಡದೆ ಗುಡ್ಡದ ರಕ್ಷಣಾ ತಂಡಕ್ಕೆ ಫೋನ್ ಮಾಡಿದಳು.

"ಕಾಣೆಯಾಗಿ ಎಷ್ಟು ಹೊತ್ತಾಯ್ತಮ್ಮ?" ಎಂದರು ಅತ್ತಲಿಂದ.

"ಈಗಷ್ಟೇ."

"ಈಗಷ್ಟೇನಾ? ಸ್ವಲ್ಪ ಕಾದು ನೋಡಿ."

"ಒಂದ್ಸಲ ಕಾದಾಗಿದೆ. ನೀವು ಹೊರಡಿ." ದಾರದ ಬಣ್ಣ ಹೇಳುವಷ್ಟೇ ಸಪ್ಪೆಯಾಗಿ ಹೇಳಿದಳು. ಆಮೇಲೆ ದಾರಿ, ಕಿತ್ತಳೆ ಬಟ್ಟೆ, ಸೀಟಿ, ಎಲ್ಲ ಹೇಳಿದಳು.

ಫೋನಿಟ್ಟು ಕೂತಳು. ಸುಮ್ಮನೆ ಕೂರಲಾರದೆ ಯಾರದೋ ಚೀಲಕ್ಕೆ ಸೂಜಿ ಹಾಕಿದಳು. ದೀಪ ಹಚ್ಚುವ ಹೊತ್ತಿಗೆ ಫೋನ್ ಬಡಿದುಕೊಂಡಿತು, ನಿಲ್ಲಲಿಲ್ಲ.

"ಅತ್ತೆ! ನಿಂಗೇನು ತಲೆ ಕೆಟ್ಟಿದೆಯಾ? ಸಿಗ್ನಲ್ ಹೋಯ್ತು ಅಷ್ಟೇ! ಆರಾಮಾಗಿ ಇಳೀತಿದ್ದೆ. ಸೈರನ್ ಹಾಕ್ಕೊಂಡು ಜೀಪ್ ಬಂತು, ಅದರ ಹಿಂದೆ ಅರ್ಧ ಊರು. ನನ್ನ ಸ್ಟ್ರೆಚರ್ ಮೇಲೆ ಮಲಗಿಸೋಕೆ ಬಂದ್ರು! ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜು ಹಾಕಿದೆಯಲ್ಲ!"

ಹುಡುಗಿ ಉಸಿರು ತಗೊಳ್ಳದೆ ಬೈದಳು. ಥೇಟ್ ಅಪ್ಪನ ಗಂಟಲು, ಅದೇ ಸಿಡುಕು. ಅತ್ತೆಗೆ ಎಡಗೈ ಬೆರಳು ಚುರುಗುಟ್ಟಿತು. ನೋಡಿದರೆ ಸೂಜಿ ಆಳವಾಗಿ ಇಳಿದಿತ್ತು. ನೋವು ಮೊಣಕೈವರೆಗೂ ಏರಿತು, ಕಣ್ಣಲ್ಲಿ ನೀರು ತುಂಬಿತು.

"ಅತ್ತೆ? ಕೇಳಿಸ್ತಾ ಇದೆಯಾ? ಯಾಕೆ ಸುಮ್ನಾದೆ?"

"ಕೇಳಿಸ್ತಿದೆ," ಎಂದಳು ಅವಳು, ಮೂಗೆಳೆಯುತ್ತಾ. "ಬೈ ಕಣೇ. ಇನ್ನೂ ಸ್ವಲ್ಪ ಬೈ."